ಕೋಲಾರದ ಬಂಡೆ, ಶಿರಸಿಯ ಶೇಡಿ: ನೆಲದಡಿಯ ಸೂರು ಕಾಯ್ದ ಚರಿತ್ರೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಬಾವಿ ತೋಡುವವರಿಗೆ ನೆಲದ ಪದರಗಳ ಲೆಕ್ಕ ಬಾಯಿಪಾಠ. ಮೇಲೆ ದರಕು ಕೊಳೆತ ಕಪ್ಪು ಮಣ್ಣು, ಅದರಡಿ ಕೆಂಪುಮಣ್ಣು, ಆಮೇಲೆ ಚಿರೆಕಲ್ಲು, ಚಿರೆಯ ಕೆಳಗೆ ಶೇಡಿ, ಎಲ್ಲಕ್ಕೂ ಅಡಿಯಲ್ಲಿ ಬಂಡೆ. ಚಿರೆ ಸಿಕ್ಕಷ್ಟು ಆಳದವರೆಗೆ ಬಾವಿಯ ಗೋಡೆಗೆ ಏನೂ ಕಟ್ಟಬೇಕಿಲ್ಲ. ಗುದ್ದಲಿಯ ಗುರುತು ಹೊತ್ತುಕೊಂಡೇ ಅದು ತಲೆಮಾರುಗಟ್ಟಲೆ ನಿಂತಿರುತ್ತದೆ. ಶೇಡಿ ಸಿಕ್ಕಿತೆಂದರೆ ಮಾತು ಬೇರೆ. ಒಣಗಿದ್ದಾಗ ಗೋಡೆಯ ಚಿತ್ತಾರಕ್ಕೆ ಬಳಿಯುವ ಆ ಬಿಳಿಮಣ್ಣು ನೀರು ಕುಡಿದರೆ ಬೆಣ್ಣೆಯಂತೆ ಜಾರುತ್ತದೆ. ಅಲ್ಲಿ ರಿಂಗ್ ಇಳಿಸಬೇಕು, ಇಲ್ಲವೇ ಕಲ್ಲು ಕಟ್ಟಬೇಕು. ಯಾವ ಪದರ ತಾನಾಗಿ ನಿಲ್ಲುತ್ತದೆ, ಯಾವುದಕ್ಕೆ ಆಸರೆ ಬೇಕು, ಎಷ್ಟು ಹೊತ್ತಿನೊಳಗೆ ಆ ಆಸರೆ ಕೊಡಬೇಕು ಎಂಬ ಈ ಮೂರು ಪ್ರಶ್ನೆಗಳೇ ಜಗತ್ತಿನ ಅತಿ ಆಳದ ಗಣಿಗಳ ಎಂಜಿನಿಯರುಗಳನ್ನೂ ಕಾಡಿದವು.

ಈ ಮೂರು ತಾಲೂಕುಗಳಲ್ಲಿ ಆಳದ ಗಣಿ ಇಲ್ಲ. ಆದರೆ ನಮ್ಮದೇ ರಾಜ್ಯದ ಪೂರ್ವದ ತುದಿಯಲ್ಲಿ, ಕೋಲಾರದ ಚಿನ್ನದ ಗಣಿಗಳಲ್ಲಿ, ನೂರಕ್ಕೂ ಹೆಚ್ಚು ವರ್ಷ ನೆಲದಡಿಯ ಸೂರನ್ನು ಕಾಯುವ ಪ್ರಯತ್ನ ನಡೆಯಿತು. ಘಟ್ಟದ ಮೇಲಿನ ಬಂಡೆಯೂ ಕೋಲಾರದ ಬಂಡೆಯೂ ಭೂವಿಜ್ಞಾನಿಗಳು ಧಾರವಾಡದ ಹೆಸರಿಟ್ಟು ಕರೆಯುವ ಒಂದೇ ಪ್ರಾಚೀನ ಭೂಖಂಡದ ಎರಡು ಬದಿಗಳಿಗೆ ಸೇರಿದವು. ಘಟ್ಟದ ಕೆಳಗೆ ಸುರಂಗ ಕೊರೆಯುವ ಯೋಜನೆಗಳ ಮಾತು ಮತ್ತೆ ಮತ್ತೆ ಕೇಳಿಬರುತ್ತಿರುವ ಈ ಹೊತ್ತಿನಲ್ಲಿ ಕೋಲಾರದ ಆ ಅನುಭವವನ್ನು ಶಿರಸಿಯ ಕಡೆಯಿಂದ ಓದುವುದು ಈ ಲೇಖನದ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕೋಲಾರದ ತಂತ್ರಗಳು ನಮ್ಮ ಒದ್ದೆ ಗುಡ್ಡಗಳಿಗೆ ಹಾಗೆಯೇ ಒಗ್ಗುವುದಿಲ್ಲ. ಆದರೆ ಬಂಡೆಯ ವರ್ತನೆಯನ್ನು ಬಿಡದೆ ಬರೆದಿಡುವ ಅದರ ಅಭ್ಯಾಸವನ್ನು ಇಲ್ಲಿಗೆ ತಾರದೆ ನಮಗೆ ಗತಿಯಿಲ್ಲ.

ಮರದ ಕಾಲ

ಕನ್ನಡ ನಾಡಿನಲ್ಲಿ ಗಣಿಯ ಸೂರಿಗೆ ಆಸರೆ ಕೊಟ್ಟ ಅತಿ ಹಳೆಯ ಸಾಕ್ಷ್ಯ ಸಿಕ್ಕಿರುವುದು ಕೋಲಾರದಲ್ಲಿ ಅಲ್ಲ, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ. ಹೊಸ ಕಾಲದ ಗಣಿಗಾರರು ಅಲ್ಲಿ ಅಗೆಯುತ್ತ ಹೋದಾಗ ಪ್ರಾಚೀನರು ತೋಡಿ ಬಿಟ್ಟಿದ್ದ ಆಳವಾದ ಗುಂಡಿಗಳು ಎದುರಾದವು, ಅವುಗಳೊಳಗೆ ಮರದ ತುಂಡುಗಳೂ ಸಿಕ್ಕಿದವು. ಇಂಗಾಲದ ಪರೀಕ್ಷೆ ಆ ಮರದ ವಯಸ್ಸನ್ನು ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಎಂದು ತೋರಿಸಿತು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರೆರಚಿ ಸೀಳುತ್ತಿದ್ದ ಆ ಜನ ಉಕ್ಕಿನ ಹತ್ಯಾರಿನ ಆಧುನಿಕ ಗಣಿಗಾರರನ್ನೂ ಬೆರಗುಗೊಳಿಸುವಷ್ಟು ಕೆಳಗೆ ಇಳಿದಿದ್ದರು. ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1962ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಹಟ್ಟಿಗೆ ದೊಡ್ಡ ಸ್ಥಾನವಿದೆ. ಆ ಪ್ರಾಚೀನ ಗಣಿಗಾರರು ಹೇಗೆ ಉಳಿದುಕೊಂಡರು ಎಂಬುದಕ್ಕೆ ಅರ್ಧ ಉತ್ತರ ಆ ಗುಂಡಿಗಳ ಅಗಲದಲ್ಲೇ ಇದೆ: ಅದಿರಿನ ಎಳೆ ಎಷ್ಟು ಅಗಲವೋ ಅಷ್ಟನ್ನೇ ತೆಗೆದರು, ಮೈ ತೂರುವಷ್ಟು ಜಾಗ ಸಾಕೆಂದುಕೊಂಡರು. ಕಿರಿದಾದ ಜಾಗಕ್ಕೆ ಬಂಡೆಯೇ ಸೂರು.

ಕೋಲಾರದ ಆಧುನಿಕ ಕಥೆ 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮಾಡಿದ ಸಮೀಕ್ಷೆಯಿಂದ ಶುರುವಾಗುತ್ತದೆ. ಮಾರಿಕುಪ್ಪಂ ಸುತ್ತಮುತ್ತ ಊರಿನವರು ಗುಂಡಿಗಿಳಿದು ಕಲ್ಲು ತೆಗೆದು, ಕುಟ್ಟಿ, ತೊಳೆದು ಚಿನ್ನ ಬೇರ್ಪಡಿಸುತ್ತಿದ್ದುದನ್ನು ಆತ ಕಂಡ. ನ್ಯೂಜಿಲೆಂಡಿನ ಯುದ್ಧದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಲಾವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಆಡಳಿತ ವಹಿಸಿಕೊಂಡಿತು. ಚಾಂಪಿಯನ್ ಎಂದು ಹೆಸರಾದ ಬಿಳಿಗಲ್ಲಿನ ಎಳೆ ಕೈಗೆ ಸಿಕ್ಕ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ, ಬಾಲಘಾಟ್ ಗಣಿಗಳು ಒಂದರ ಪಕ್ಕ ಒಂದರಂತೆ ಎದ್ದವು.

ಆ ಎಳೆಯ ಸ್ವಭಾವ ಗೊತ್ತಿಲ್ಲದೆ ಮುಂದಿನ ಮಾತು ಅರ್ಥವಾಗದು. ಅದು ನೆಲಕ್ಕೆ ಹಾಸಿದ ಪದರವಲ್ಲ; ಪುಸ್ತಕದ ಕಪಾಟಿನಲ್ಲಿ ನಿಲ್ಲಿಸಿಟ್ಟ ತೆಳು ಪುಸ್ತಕದ ಹಾಗೆ ಪಶ್ಚಿಮಕ್ಕೆ ವಾಲಿ, ಆಳಕ್ಕೆ ಹೋದಂತೆ ಹೆಚ್ಚುಕಡಿಮೆ ನೆಟ್ಟಗಾಗುವ ಹಾಳೆ. ಅದರ ಅಗಲ ಬಹಳ ಕಡೆ ಒಂದು ಮೀಟರಿನ ಆಸುಪಾಸು. ಆ ಹಾಳೆಯನ್ನು ಎಳೆದು ತೆಗೆದರೆ ಉಳಿಯುವುದು ಎರಡು ದೈತ್ಯ ಬಂಡೆಗೋಡೆಗಳ ನಡುವಿನ ಸಂದು. ಹಾಗಾಗಿ ಇಲ್ಲಿ ಸೂರು ಎಂದರೆ ತಲೆಯ ಮೇಲಿನದಷ್ಟೇ ಅಲ್ಲ, ಪಕ್ಕದಿಂದ ಒತ್ತಿಬರುವ ಗೋಡೆಯೂ ಸೂರೇ.

ಮೊದಲ ದಶಕಗಳಲ್ಲಿ ಆ ಎರಡು ಗೋಡೆಗಳ ನಡುವೆ ಮರದ ದಿಮ್ಮಿಗಳನ್ನು ಅಡ್ಡಲಾಗಿ ಬಿಗಿದು, ಒಡೆದ ಬೇಡದ ಕಲ್ಲನ್ನು ಅವುಗಳ ಮೇಲೆ ತುಂಬುತ್ತಿದ್ದರು. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಿಂದ ಬಂದ ಪದ್ಧತಿ ಅದು. ಮರಕ್ಕೆ ಒಂದು ಗುಣವಿದೆ: ಮುರಿಯುವ ಮೊದಲು ಅದು ಸದ್ದು ಮಾಡುತ್ತದೆ, ನಾರು ನಾರಾಗಿ ಸೀಳಿ ಎಚ್ಚರಿಸುತ್ತದೆ. ಗಣಿ ಕಾರ್ಮಿಕರು ಜಗತ್ತಿನ ಎಲ್ಲೆಡೆ ಮರದ ಕಂಬವನ್ನು ನೆಚ್ಚಿದ್ದು ಅದು ಹೊರುವ ಭಾರಕ್ಕಿಂತ ಅದು ಕೊಡುವ ಸೂಚನೆಗಾಗಿ. ಪಾಳಿಯ ಮೊದಲ ಕೆಲಸ ಹಾರೆಯಿಂದ ಬಂಡೆಯನ್ನು ತಟ್ಟಿ ನೋಡುವುದು. ಗಂಟೆಯಂತೆ ಠಣ್ ಎಂದರೆ ಗಟ್ಟಿ. ಒಡಕು ಮಡಕೆಯಂತೆ ಬೊದ್ದು ದನಿ ಬಂದರೆ ಒಳಗೆ ಬಿರುಕು, ಅದನ್ನು ಕೆಡವಿಯೇ ಮುಂದೆ ಹೋಗಬೇಕು. ಕೂಲಿಯ ಕಿವಿ ಅಂದಿನ ಉಪಕರಣ. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ, ಹೆಚ್ಚಿನಂಶ ದಲಿತ ಸಮುದಾಯಗಳಿಗೆ ಸೇರಿದ ಸಾವಿರಾರು ಜನ ಆ ಕಿವಿಯನ್ನು ನಂಬಿ ಕೆಳಗಿಳಿದರು. ಅವರ ಬದುಕನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ತಮ್ಮ 1998ರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕದಲ್ಲಿ ವಿವರವಾಗಿ ಶೋಧಿಸಿದ್ದಾರೆ. ಬಂಡೆಯ ಚರಿತ್ರೆ ಬರೆದ ಎಂಜಿನಿಯರುಗಳ ಪ್ರಬಂಧಗಳಲ್ಲಿ ಈ ಜನರ ಹೆಸರುಗಳಿಲ್ಲ. ಆ ಚರಿತ್ರೆಯನ್ನು ಓದುವವರು ಈ ಕೊರತೆಯನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

‘ಏರ್ ಬ್ಲಾಸ್ಟ್’ ಎಂಬ ತಪ್ಪು ಹೆಸರು

1898ರಲ್ಲಿ ಊರ್ಗಾಂ ಗಣಿಯಲ್ಲಿ, ಸುಮಾರು ಸಾವಿರ ಅಡಿ ಆಳದಲ್ಲಿ, ಯಾರೂ ಮದ್ದು ಸಿಡಿಸದೆ ಬಂಡೆ ತಾನಾಗಿ ಸಿಡಿಯಿತು. ಕೋಲಾರದ ದಾಖಲೆಗಳಲ್ಲಿ ಇದು ಮೊದಲ ಶಿಲಾಸ್ಫೋಟ. ಅಂದಿನವರು ಅದನ್ನು ಏರ್ ಬ್ಲಾಸ್ಟ್ ಎಂದು ಕರೆದರು. ಬಂಡೆ ಸಿಡಿದಾಗ ಸುರಂಗದಲ್ಲಿ ನುಗ್ಗುವ ಗಾಳಿಯ ಹೊಡೆತ ದೀಪಗಳನ್ನು ಆರಿಸುತ್ತಿತ್ತು, ಜನರನ್ನು ಎತ್ತಿ ಬಿಸಾಡುತ್ತಿತ್ತು. ಕಣ್ಣಿಗೆ ಬಿದ್ದ ಪರಿಣಾಮವೇ ಹೆಸರಾಯಿತು. ಹೆಸರು ಸಣ್ಣ ವಿಷಯವಲ್ಲ ಎಂದು ನನಗನಿಸುತ್ತದೆ. ತಪ್ಪು ಗಾಳಿಯದಾದರೆ ಅಗೆಯುವ ಕ್ರಮವನ್ನು ಯಾರೂ ಪ್ರಶ್ನಿಸಬೇಕಾಗಿ ಬರುವುದಿಲ್ಲ.

ಪ್ರಶ್ನಿಸಿದವರಲ್ಲಿ ಮೊದಲಿಗರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯವರು. 1894ರಲ್ಲಿ ಹುಟ್ಟಿದ ಆ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯೂ. ಎಫ್. ಸ್ಮೀತ್ 1904ರಲ್ಲಿ ಕೋಲಾರದ ಏರ್ ಬ್ಲಾಸ್ಟ್ ಹಾಗೂ ಕಂಪನಗಳ ಕುರಿತೇ ಒಂದು ಪ್ರಕಟಣೆ ಹೊರತಂದರು. ದಕ್ಷಿಣ ಆಫ್ರಿಕಾದ ವಿಟ್ವಾಟರ್ಸ್‌ರಾಂಡ್ ಗಣಿಗಳಲ್ಲಿ ಇದೇ ತೊಂದರೆಯನ್ನು ಅರಿಯಲು ಮೊದಲ ಸಮಿತಿ ಕೂತದ್ದು 1908ರಲ್ಲಿ. ಈ ವಿಷಯದಲ್ಲಿ ಮೈಸೂರಿನ ಸರ್ಕಾರಿ ಪ್ರಕಟಣೆ ನಾಲ್ಕು ವರ್ಷ ಮುಂದಿತ್ತು ಎಂಬುದನ್ನು ಕನ್ನಡ ಓದುಗರು ತಿಳಿದಿರಬೇಕು.

ಬಂಡೆ ಏಕೆ ಸಿಡಿಯುತ್ತದೆ? ಕೋಲಾರದ ಕಪ್ಪು ಬಂಡೆ ತೂಕದ್ದು. ಒಂದು ಘನ ಮೀಟರ್ ಹೆಚ್ಚುಕಡಿಮೆ ಮೂರು ಟನ್. ಚಾಂಪಿಯನ್ ರೀಫ್ ಕೊನೆಗೆ 3 ಕಿಲೋಮೀಟರಿಗಿಂತ ಕೆಳಗೆ ಇಳಿಯಿತು. ಅಷ್ಟು ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಕೂತಿರುವ ಭಾರ ಸುಮಾರು 9,000 ಟನ್. ಇಡೀ ಬಂಡೆ ತುಂಡಾಗದೆ ಇದ್ದಾಗ ಈ ಭಾರ ಎಲ್ಲ ಕಡೆ ಸಮನಾಗಿ ಹಂಚಿ ಹೋಗಿರುತ್ತದೆ. ನಡುವೆ ಒಂದು ಹಾಳೆಯನ್ನು ಕಿತ್ತು ತೆಗೆದಿರೋ, ಅದು ಹೊತ್ತಿದ್ದ ಪಾಲನ್ನು ಅಕ್ಕಪಕ್ಕದ ಬಂಡೆ ಹೊರಬೇಕು. ಮೆತ್ತನೆಯ ಬಂಡೆಯಾದರೆ ನಿಧಾನವಾಗಿ ಬಾಗಿ, ಬಿರುಕು ಬಿಟ್ಟು ಭಾರ ಇಳಿಸಿಕೊಳ್ಳುತ್ತದೆ. ಕೋಲಾರದ್ದು ಗಟ್ಟಿ ಬಂಡೆ, ಬಾಗುವ ಜಾತಿಯದ್ದಲ್ಲ. ಬಿಲ್ಲಿನಂತೆ ಶಕ್ತಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಒಂದು ಕ್ಷಣದಲ್ಲಿ ಬಿಡುತ್ತದೆ. ಗಟ್ಟಿತನವೇ ಇಲ್ಲಿ ಅಪಾಯದ ಮೂಲ. ಆ ಬಿಡುಗಡೆ ಎಷ್ಟೋ ಸಲ ಭೂಕಂಪದಂತೆ ಮೇಲಿನ ಊರಿಗೂ ತಟ್ಟುತ್ತಿತ್ತು; ಊರ್ಗಾಂ, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆಯ ಜನ ಪಾತ್ರೆಗಳ ಗಲಗಲ ಸದ್ದಿನಿಂದಲೇ ಕೆಳಗೆ ಏನೋ ಆಗಿದೆ ಎಂದು ತಿಳಿಯುತ್ತಿದ್ದರು.

ಕಲ್ಲಿಗೆ ಕಲ್ಲಿನ ಆಸರೆ

ಮರ ಸೋತದ್ದು ಇಲ್ಲಿಯೇ. ದಿಮ್ಮಿ ಎಷ್ಟೇ ದಪ್ಪವಿರಲಿ, 9,000 ಟನ್ನಿನ ಎದುರು ಅದು ಬೆಂಕಿಕಡ್ಡಿ. ಜತೆಗೆ ಬಿಸಿ, ತೇವದ ಗಾಳಿಯಲ್ಲಿ ಅದು ಕೊಳೆಯುತ್ತದೆ, ಬೆಂಕಿ ಹಿಡಿದರೆ ಗಣಿಯನ್ನೇ ಹೊಗೆಯಲ್ಲಿ ಮುಳುಗಿಸುತ್ತದೆ. ಹೀಗಾಗಿ ಕೋಲಾರ ತನ್ನ ಸುತ್ತಲೇ ಧಾರಾಳವಾಗಿ ಸಿಗುವ ಗ್ರಾನೈಟಿಗೆ ತಿರುಗಿತು. ಮೇಲೆ ಕಲ್ಲುಕುಟಿಗರು ಕಟ್ಟಿಗೆಯಂತೆ ಸೀಳಿಕೊಟ್ಟ ಗ್ರಾನೈಟ್ ಕಲ್ಲುಗಳನ್ನು ಕೇಜಿನಲ್ಲಿ ಕೆಳಗಿಳಿಸಿ, ಗಾರೆಯಿಲ್ಲದೆ ಒಂದರ ಮೇಲೊಂದು ಒಟ್ಟಿ, ಅದಿರು ತೆಗೆದ ಸಂದಿಯಲ್ಲಿ ಗೋಡೆ ಕಟ್ಟಿದರು. ಜನ ಓಡಾಡುವ ದಾರಿಗಳಿಗೆ ಉಕ್ಕಿನ ಕಮಾನು ಬಂತು. ಮೂರು ಕಿಲೋಮೀಟರ್ ಕೆಳಗಿನ ಕಲ್ಲನ್ನು ಮೇಲೆ ತಂದು, ಮೇಲಿನ ಕಲ್ಲನ್ನು ಮೂರು ಕಿಲೋಮೀಟರ್ ಕೆಳಗೆ ಒಯ್ದ ಈ ಕೆಲಸದ ಅಗಾಧತೆಯನ್ನು ಎಣಿಸಿದರೆ ಎದೆ ಭಾರವಾಗುತ್ತದೆ. ಆಳದ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ತಂಪು ಗಾಳಿ ಊದುತ್ತಿದ್ದರೂ ಕಲ್ಲೊಟ್ಟುವ ಕೆಲಸ ಬೆವರಿನ ಹೊಳೆಯಲ್ಲೇ ನಡೆಯುತ್ತಿತ್ತು.

ಗ್ರಾನೈಟ್ ಗೋಡೆ ಕೂಡ ಪೂರ್ಣ ಉತ್ತರವಾಗಲಿಲ್ಲ. ಕಲ್ಲುಗಳ ನಡುವಿನ ಸಂದುಗಳು ಅದುಮಿ ಹೋಗುವವರೆಗೆ ಗೋಡೆ ಭಾರ ಹೊರುವುದಿಲ್ಲ. ಅಷ್ಟರಲ್ಲಿ ಎರಡು ಬದಿಯ ಬಂಡೆ ಹತ್ತಿರ ಸರಿದಿರುತ್ತದೆ, ಮುಂದಿನ ಅದಿರಿನ ತುಂಡು ಮಿತಿ ಮೀರಿ ಬಿಗಿದಿರುತ್ತದೆ. 1950ರ ದಶಕದಿಂದ ಆಳದ ಭಾಗಗಳಲ್ಲಿ ಸಂದನ್ನು ಕಾಂಕ್ರೀಟಿನಿಂದಲೇ ತುಂಬುವ ಪದ್ಧತಿ ಬಂತು. ಮುಂದೆ ಮಿಲ್ಲಿನಲ್ಲಿ ಚಿನ್ನ ಬೇರ್ಪಡಿಸಿ ಉಳಿದ ಮರಳನ್ನು ನೀರಿನೊಡನೆ ಪೈಪಿನಲ್ಲಿ ಇಳಿಸಿ ತುಂಬಿದ್ದೂ ಉಂಟು. ಆ ಮರಳಿನ ಬಹುಪಾಲು ಮಾತ್ರ ಕೆಳಗೆ ಹೋಗಲಿಲ್ಲ. ಮೂರು ಕೋಟಿ ಟನ್ನಿಗೂ ಹೆಚ್ಚು ಮರಳು ಇಂದಿಗೂ ಕೋಲಾರದ ಗಣಿಯೂರು ಕೆಜಿಎಫ್‌ನ ಸೈನೈಡ್ ಗುಡ್ಡಗಳಾಗಿ ನಿಂತಿದೆ, ಗಾಳಿ ಬೀಸಿದಾಗ ಮನೆಗಳೊಳಗೆ ಧೂಳಾಗಿ ಬರುತ್ತದೆ.

ನನ್ನ ಓದಿನಲ್ಲಿ ಕೋಲಾರದ ನಿಜವಾದ ಶೋಧ ಆಸರೆಯ ವಸ್ತುವಿನಲ್ಲಿ ಇಲ್ಲ, ಅದಿರು ತೆಗೆಯುವ ಕ್ರಮದಲ್ಲಿದೆ. ಆರಂಭದಲ್ಲಿ ಅಲ್ಲಲ್ಲಿ ತುಂಡು ತುಂಡಾಗಿ ಅಗೆಯುತ್ತಿದ್ದರು. ಎರಡು ಕಡೆಯಿಂದ ಅಗೆದು ಬಂದು ನಡುವೆ ಉಳಿಸಿದ ತುಂಡು ಎಲ್ಲರ ಭಾರವನ್ನೂ ತಾನೇ ಹೊತ್ತು, ಕೊನೆಗೆ ಸಿಡಿಯುತ್ತಿತ್ತು. ಹಾಸುಬಂಡೆಯನ್ನು ಅಡ್ಡ ಸೀಳಿ ನಿಂತ ಡೊಲರೈಟ್ ಗೋಡೆಗಳು, ಹಳೆಯ ಸ್ತರಭಂಗಗಳು ಇದ್ದ ಕಡೆ ಸಿಡಿತ ಹೆಚ್ಚು. ಇದನ್ನೆಲ್ಲ ನಕ್ಷೆಯ ಮೇಲೆ ಗುರುತಿಸುತ್ತ ಹೋದಂತೆ ನಿಯಮಗಳು ತಾವಾಗಿ ರೂಪುಗೊಂಡವು. ನಡುವೆ ತುಂಡು ಉಳಿಸಬಾರದು. ಎರಡು ಅಗೆತಗಳು ಎದುರುಬದುರಾಗಿ ಬರಬಾರದು. ಸ್ತರಭಂಗದ ಕಡೆಗೆ ಹೋಗುವುದಕ್ಕಿಂತ ಅದರಿಂದ ದೂರಕ್ಕೆ ಅಗೆಯುತ್ತ ಸಾಗಬೇಕು. ತೆಗೆದ ಜಾಗವನ್ನು ಕೂಡಲೇ ತುಂಬಬೇಕು.

ಈ ತಿಳಿವಳಿಕೆ ಕೋಲಾರದಲ್ಲೇ ಉಳಿಯಲಿಲ್ಲ. ನಂದಿದುರ್ಗ ಗಣಿಯಲ್ಲಿ ದುಡಿದಿದ್ದ ಆರ್. ಜಿ. ಕೆ. ಮಾರಿಸನ್ ಕೆನಡಾಕ್ಕೆ ಹೋಗಿ, 1942ರಲ್ಲಿ ಒಂಟಾರಿಯೋ ಗಣಿಗಳ ಶಿಲಾಸ್ಫೋಟದ ಬಗ್ಗೆ ವರದಿ ಬರೆದರು. ಅಗೆದ ಜಾಗದ ಸುತ್ತ ಗುಮ್ಮಟದ ಆಕಾರದಲ್ಲಿ ಬಂಡೆ ಸಡಿಲವಾಗುತ್ತದೆ ಎಂಬ ಅವರ ಕಲ್ಪನೆ ಅಲ್ಲಿನ ಗಣಿಗಾರರಿಗೆ ದಾರಿ ತೋರಿಸಿತು. ಕೋಲಾರದ ಅನುಭವದ ಮೇಲೆಯೇ ನಿಂತ ಇ. ಐಸಾಕ್ಸನ್ ಅವರ ‘ರಾಕ್ ಪ್ರೆಷರ್ ಇನ್ ಮೈನ್ಸ್’ 1958ರಲ್ಲಿ ಪ್ರಕಟವಾಯಿತು. ‘ಬಂಡೆಯ ಬಲವಿಜ್ಞಾನ’ ಒಂದು ಸ್ವತಂತ್ರ ಶಾಸ್ತ್ರವೆಂದು ಅನ್ನಿಸಿಕೊಳ್ಳುವ ಮೊದಲೇ ಬಂದ ಪುಸ್ತಕ ಅದು. ಆ ಶಾಸ್ತ್ರದ ಅಂತರರಾಷ್ಟ್ರೀಯ ಸಂಘ ಲಿಯೋಪೋಲ್ಡ್ ಮ್ಯುಲರ್ ಮುಂದಾಳತ್ವದಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಹುಟ್ಟಿದ್ದು 1962ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1960ರ ಜನವರಿಯಲ್ಲಿ, ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಕಲ್ಲಿದ್ದಲು ಗಣಿಯಲ್ಲಿ ಸೂರು ಹೊತ್ತಿದ್ದ ಕಲ್ಲಿದ್ದಲ ಕಂಬಗಳು ಸಾಲಾಗಿ ಕುಸಿದು 435 ಜನ ಹೂತುಹೋಗಿದ್ದರು. ಕಂಬ ಎಷ್ಟು ಅಗಲ ಇರಬೇಕೆಂಬುದನ್ನು ಲೆಕ್ಕ ಹಾಕಿ ತಿಳಿಯುವ ಸೂತ್ರ ಆ ಸಾವುಗಳ ನಂತರ, 1967ರಲ್ಲಿ, ಸಾಲಮನ್ ಮತ್ತು ಮನ್ರೋ ಅವರಿಂದ ಬಂತು. ಭಾರತದಲ್ಲಿ 1952ರ ಗಣಿ ಕಾಯ್ದೆ, 1961ರ ಲೋಹ ಗಣಿಗಳ ನಿಯಮಾವಳಿ ಸೂರಿನ ಆಸರೆಯನ್ನು ಕಾನೂನಿನ ಹೊಣೆಯಾಗಿಸಿದವು.

ಕಿವಿಗೊಟ್ಟ ವಿಜ್ಞಾನ

ಹಾರೆಯಿಂದ ತಟ್ಟಿ ಕೇಳುತ್ತಿದ್ದ ಕೂಲಿಯ ಅಭ್ಯಾಸವೇ ಮುಂದೆ ಯಂತ್ರದ ರೂಪ ಪಡೆಯಿತು. ಕಳೆದ ಶತಮಾನದ ಎರಡನೇ ದಶಕದಲ್ಲೇ ಕೋಲಾರದಲ್ಲಿ ಕಂಪನಮಾಪಕ ಕೂತಿತ್ತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ಗೆ ಬಂದವು. ಮಾಲೀಕರು ಬದಲಾದರೂ ದಾಖಲೆ ನಿಲ್ಲಲಿಲ್ಲ. ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಕಂಪನ ಕೇಂದ್ರಕ್ಕೂ ಕೋಲಾರದ ಶಿಲಾಸ್ಫೋಟಗಳು ಕೇಳಿಸುತ್ತಿದ್ದವು. 1978ರಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದ ನೆರವಿನಿಂದ ನೆಲದ ಮೇಲೂ ಗಣಿಯೊಳಗೂ ಬಂಡೆಯ ಕಂಪನ ಹಿಡಿಯುವ ಜಿಯೋಫೋನುಗಳ ಜಾಲ ಹಾಕಿದರು. ಒಂದು ಸದ್ದು ಬೇರೆ ಬೇರೆ ಜಿಯೋಫೋನಿಗೆ ತಲುಪಿದ ಕ್ಷಣಗಳ ವ್ಯತ್ಯಾಸ ಹಿಡಿದು, ಅದು ಯಾವ ಆಳದಲ್ಲಿ ಎಲ್ಲಿ ಹುಟ್ಟಿತು ಎಂದು ಲೆಕ್ಕ ಹಾಕಬಹುದಾಯಿತು. ದೊಡ್ಡ ಸ್ಫೋಟಗಳ ಹಿಂದೆಮುಂದೆ ಒಂದೇ ಪ್ರದೇಶದಲ್ಲಿ ನೂರಾರು ಸಣ್ಣ ಸಿಡಿತಗಳು ಗುಂಪಾಗಿ ಬರುವುದು ಗೊತ್ತಾಯಿತು.

ಇದೇ ಆಳ ಇನ್ನೊಂದು ಶಾಸ್ತ್ರಕ್ಕೂ ಒದಗಿತು. 1965ರಲ್ಲಿ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟಿನಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಅವರ ಉಪಕರಣಗಳ ಮೇಲಿದ್ದ ಸೂರನ್ನು ಕಾದವರೂ ಇದೇ ಗಣಿಯ ಕಾರ್ಮಿಕರು.

1988ರಲ್ಲಿ ಚಾಂಪಿಯನ್ ರೀಫ್‌ನಲ್ಲೇ ರಾಷ್ಟ್ರೀಯ ಶಿಲಾ ಬಲವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ದೇಶದ ಅಣೆಕಟ್ಟು, ಸುರಂಗ, ಭೂಗತ ವಿದ್ಯುದಾಗಾರಗಳಿಗೆ ಸಲಹೆ ಕೊಡುವ ಸಂಸ್ಥೆಯೊಂದು ಕೋಲಾರದ ಗಣಿಯ ಬಾಯಿಯಲ್ಲಿ ಹುಟ್ಟಿದ್ದು ಕಾಕತಾಳೀಯವಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ನೂರು ವರ್ಷ ಅಗೆದ ಸಂದುಗಳಲ್ಲಿ ನೀರು ಏರಿತು. ಬಂಡೆ ಆಮೇಲೂ ಸಿಡಿಯುತ್ತಲೇ ಇತ್ತು, ಊರಿನ ಜನಕ್ಕೆ ಕಂಪನ ತಟ್ಟುತ್ತಲೇ ಇತ್ತು. ಸಂಸ್ಥೆಯ ವಿಜ್ಞಾನಿಗಳು ಅದನ್ನೂ ಬರೆದಿಟ್ಟರು. ಆಸರೆ ಕೊಡುವ ಹೊಣೆ ಗಣಿ ಮುಚ್ಚಿದ ದಿನಕ್ಕೆ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಗೊತ್ತಿಲ್ಲ.

ಚಿರೆಯ ಸೂರು, ಶೇಡಿಯ ಸೂರು

ಈಗ ಪಶ್ಚಿಮಕ್ಕೆ ಬರೋಣ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಬಾಯಾರು, ಎಣ್ಮಕಜೆ, ಮಾಣಿಲ ಕಡೆಯ ತೋಟಗಳಿಗೆ ಅವೇ ಜೀವ. ಅವುಗಳೊಳಗೆ ಕಂಬವಿಲ್ಲ, ಕಮಾನಿನ ಕಟ್ಟಡವಿಲ್ಲ. ಆಳೆತ್ತರ, ಒಬ್ಬರು ನಡೆಯುವಷ್ಟು ಅಗಲ, ಮೇಲ್ಭಾಗ ಮೊಟ್ಟೆಯಂತೆ ದುಂಡಗೆ. ಚಿರೆಯ ಗಟ್ಟಿ ಪದರ ಹಿಡಿದು ಹೋಗುವುದು, ಮೆತ್ತಗಿನ ಮಣ್ಣು ಎದುರಾದರೆ ದಿಕ್ಕು ಬದಲಿಸುವುದು ಕೊರೆಯುವವರ ಕ್ರಮ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಬಾರಿ ನೀರು ಸಿಗದೆ ಹೋದರೂ ಬಿಡದೆ ಕೊನೆಗೆ ನೀರು ತಂದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಸುರಂಗಗಳನ್ನು ಛಲದ ಕಥೆಯಾಗಿ ಎಲ್ಲರೂ ಹೇಳಿದ್ದಾರೆ. ಅವು ಶಿಲಾ ಬಲವಿಜ್ಞಾನದ ಪಾಠವೂ ಹೌದು. ಕಿರಿದಾದ ಅಗಲ, ದುಂಡಗಿನ ಮೇಲ್ಭಾಗ, ಸರಿಯಾದ ಪದರದ ಆಯ್ಕೆ ಇದ್ದರೆ ಚಿರೆ ತನ್ನ ಸೂರನ್ನು ತಾನೇ ಹೊರುತ್ತದೆ.

ಇದೇ ನೆಲದಲ್ಲಿ ಅಗಲ ಹೆಚ್ಚಿಸಿದಾಗ ಏನಾಗುತ್ತದೆಂಬುದನ್ನು ಕೊಂಕಣ ರೈಲ್ವೆ ತೋರಿಸಿತು. 1998ರಲ್ಲಿ ಪೂರ್ಣವಾಗಿ ತೆರೆದ ಆ ಮಾರ್ಗದಲ್ಲಿ ಗಟ್ಟಿ ಬಂಡೆಯ ಉದ್ದನೆಯ ಸುರಂಗಗಳಿಗಿಂತ ಹೆಚ್ಚು ಕಾಡಿದ್ದು ಮೆದುಮಣ್ಣಿನ ಗಿಡ್ಡ ಸುರಂಗಗಳು. ಗೋವಾದ ಪೆರ್ನೆಮ್ ಸುರಂಗ ಮತ್ತೆ ಮತ್ತೆ ಕುಸಿದು ಮಾರ್ಗ ಪೂರ್ಣಗೊಳ್ಳುವುದನ್ನೇ ತಡಮಾಡಿತು. 2020ರ ಆಗಸ್ಟಿನ ಮಳೆಗೆ ಅದರ ಒಳಗೋಡೆಯ ಒಂದು ಭಾಗ ಮತ್ತೆ ಬಿತ್ತು. ನಮ್ಮ ಹೊನ್ನಾವರದ ಸುರಂಗವೂ ಅದೇ ಮೆದುಮಣ್ಣಿನ ಸಾಲಿಗೆ ಸೇರಿದ್ದು. ಚಿರೆಯಡಿಯ ಒದ್ದೆ ಶೇಡಿಯಲ್ಲಿ ಶತ್ರು ಆಳದ ಭಾರವಲ್ಲ, ನೀರು. ಕೋಲಾರದ ಬಂಡೆ ಗಟ್ಟಿಯಾಗಿದ್ದರಿಂದ ಸಿಡಿಯಿತು. ಘಟ್ಟದ ಮಣ್ಣು ಮೆತ್ತಗಾಗಿ ಹರಿಯುತ್ತದೆ.

ಎರಡರ ನಡುವೆ ಮೂರನೆಯದೂ ಇದೆ. ವಾರಾಹಿ ಜಲವಿದ್ಯುತ್ ಯೋಜನೆಯ ಭೂಗತ ವಿದ್ಯುದಾಗಾರ ಗುಡ್ಡದ ಒಳಗಿನ ಗಟ್ಟಿ ಬಂಡೆಯಲ್ಲಿ ಕೊರೆದ ದೊಡ್ಡ ಗುಹೆ. ಗಟ್ಟಿ ಬಂಡೆ, ಮಿತವಾದ ಆಳ ಎರಡೂ ಇದ್ದಲ್ಲಿ, ಬಂಡೆಗೆ ಬೋಲ್ಟು ಹೊಡೆದು, ಸಿಮೆಂಟು ಸಿಂಪಡಿಸಿ, ಬಂಡೆಯನ್ನೇ ಕಮಾನಾಗಿಸುವ ವಿಧಾನ ಚೆನ್ನಾಗಿ ನಡೆಯುತ್ತದೆ. ಆಸ್ಟ್ರಿಯಾದ ರಾಬ್ಸೆವಿಚ್ 1960ರ ದಶಕದಲ್ಲಿ ಅದನ್ನು ಒಂದು ಪದ್ಧತಿಯಾಗಿ ರೂಪಿಸಿದ. 1970ರ ದಶಕದಲ್ಲಿ ಬಾರ್ಟನ್ ಮತ್ತು ಬಿಯೆನಿಯಾವ್ಸ್ಕಿ ಬಂಡೆಗೆ ಅಂಕ ಕೊಡುವ ಮಾಪನಗಳನ್ನು ತಂದರು. ಆದರೆ ಗಟ್ಟಿ ಬಂಡೆ ತಲುಪುವ ಮೊದಲು ಪ್ರತಿ ಸುರಂಗವೂ ತನ್ನ ಬಾಯಿಯಲ್ಲಿ ಚಿರೆಯನ್ನೂ ಶೇಡಿಯನ್ನೂ ದಾಟಲೇಬೇಕು. ಘಟ್ಟದಲ್ಲಿ ಅಪಾಯ ಕೂತಿರುವುದು ಈ ಬಾಯಿಯಲ್ಲಿ. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು 17 ದಿನ ಒಳಗೇ ಉಳಿದದ್ದು, ಕೊನೆಯ ಮೀಟರುಗಳನ್ನು ಯಂತ್ರ ಬಿಟ್ಟು ಕೈಯಿಂದ ಅಗೆಯುವವರೇ ದಾಟಿಸಿದ್ದು ನಮಗೆಲ್ಲ ನೆನಪಿದೆ.

ಘಟ್ಟದ ಮೇಲಿನ ಪ್ರಶ್ನೆ

ಸಿದ್ದಾಪುರದ ಗಡಿಯಲ್ಲಿರುವ ಜೋಗದ ಕೆಳಗಿನ ಶರಾವತಿ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಸುರಂಗಗಳು ಹಾಗೂ ಭೂಗತ ವಿದ್ಯುದಾಗಾರದ ಪ್ರಸ್ತಾಪವಿದೆ. ಯಲ್ಲಾಪುರದ ಮೇಲೆ ಹಾದುಹೋಗಲಿರುವ ಪ್ರಸ್ತಾವಿತ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ನಕ್ಷೆಯಲ್ಲಿ ಸುರಂಗಗಳ ಸಾಲೇ ಇದೆ. ಅದೇ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ 2021ರ ಜುಲೈ ಮಳೆಗೆ ಗುಡ್ಡ ಜಾರಿ ಅಡಿಕೆ ತೋಟಗಳು, ಮನೆಗಳು, ದಾರಿಗಳು ಕೊಚ್ಚಿಹೋದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಜೀವಗಳನ್ನು ಒಯ್ದಿತು. ಸುರಂಗವೇ ಇಲ್ಲದ ಗುಡ್ಡಗಳಿವು. ಇವುಗಳ ಪದರಗಳ ಬಗ್ಗೆ ನಾವು ಬರೆದಿಟ್ಟದ್ದೆಷ್ಟು?

ಯಾವ ಯೋಜನೆ ಬೇಕು, ಯಾವುದು ಬೇಡ ಎಂಬ ಚರ್ಚೆ ಈ ಲೇಖನದ ವ್ಯಾಪ್ತಿಯದ್ದಲ್ಲ. ಆದರೆ ಆ ಚರ್ಚೆಗೆ ಬೇಕಾದ ಮಾಹಿತಿ ಯಾರ ಕೈಯಲ್ಲಿ, ಯಾವ ಭಾಷೆಯಲ್ಲಿ ಇರಬೇಕು ಎಂಬುದಕ್ಕೆ ಶಿರಸಿಯ ಇತಿಹಾಸವೇ ಉತ್ತರ ಕೊಟ್ಟಿದೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ, 1981ರ ಜನವರಿಯಲ್ಲಿ, ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿತು. ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದು ಸರ್ಕಾರದ ಯೋಜನಾ ವರದಿಯನ್ನು ಅಂಕಿ ಅಂಕಿಯಾಗಿ ಬಿಡಿಸಿ ನೋಡಿತು. ದೊಡ್ಡ ಯೋಜನೆಯೊಂದನ್ನು ಜನರೇ ಹೀಗೆ ತಾಂತ್ರಿಕವಾಗಿ ಪರಿಶೀಲಿಸಿದ ದೇಶದ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು, ಮತ್ತು ಆ ಯೋಜನೆ ನಿಂತಿತು.

ಅಂದು ಬಿಡಿಸಿ ನೋಡಿದ್ದು ಕಾಡು, ತೋಟ, ನೀರಿನ ಲೆಕ್ಕವನ್ನು. ಈಗ ಅದೇ ಶ್ರದ್ಧೆಯಿಂದ ನೆಲದಡಿಯ ಲೆಕ್ಕ ಬಿಡಿಸಬೇಕಾಗಿದೆ. ಸುರಂಗ ಯೋಜನೆಗಾಗಿ ಕೊರೆದ ಪ್ರತಿ ರಂಧ್ರದ ಪದರ ವಿವರ, ಅಂತರ್ಜಲದ ಮಟ್ಟ, ಬಂಡೆಗೆ ಕೊಟ್ಟ ಅಂಕ ಇವೆಲ್ಲ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಇರಲಿ. ಕೆಲಸ ಶುರುವಾದರೆ ಬಂಡೆಯ ಸರಿತವನ್ನು ಅಳೆಯುವ ಉಪಕರಣಗಳ ಓದುವಿಕೆಯೂ ಅಲ್ಲಿಗೆ ಬರಲಿ. ಕೋಲಾರದಲ್ಲಿ ಸಿಡಿತದ ದಾಖಲೆ ಇಂಗ್ಲಿಷ್ ಕಡತಗಳಲ್ಲಿ ಉಳಿಯಿತು. ಕೆಳಗಿಳಿಯುತ್ತಿದ್ದವರ ಕೈಗೆ ಅದು ಬರಲೇ ಇಲ್ಲ.

ಸರ್ಕಾರದ ಕಡತ ಬರುವವರೆಗೂ ಕಾಯಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪ್ರತಿ ಊರಿನಲ್ಲೂ ಬಾವಿ ತೋಡಿದವರಿದ್ದಾರೆ, ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ. ನಿಮ್ಮ ಮನೆಯ ಬಾವಿಯಲ್ಲಿ ಎಷ್ಟು ಕೋಲಿಗೆ ಚಿರೆ ಮುಗಿಯಿತು, ಎಷ್ಟು ಕೋಲು ಶೇಡಿ ಇತ್ತು, ಯಾವ ಬದಿಯಿಂದ ಒರತೆ ಬಂತು, ಎಲ್ಲಿ ಗೋಡೆ ಕುಸಿಯಿತು ಎಂದು ಅವರನ್ನು ಕೇಳಿ. ಕೇಳಿದ್ದನ್ನು ಸರ್ವೆ ನಂಬರಿನೊಡನೆ ಒಂದು ನೋಟುಬುಕ್ಕಿನಲ್ಲಿ ಬರೆದು, ನಿಮ್ಮೂರಿನ ಶಾಲೆಯಲ್ಲೋ ಸಹಕಾರಿ ಸಂಘದಲ್ಲೋ ಒಂದು ಪ್ರತಿ ಇಡಿ. ಈ ಮಳೆಗಾಲ ಹಿಡಿಯುವ ಮೊದಲೇ ಶುರುಮಾಡಿ.